ಗುಬ್ಬಿಗೆ ಡಿಗ್ರಿ ಬಂದ ಬಗೆ

ಅಡುಗೆಮನೆಯ ಮೇಜು,
೧೨ನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ರೀ,

ನಿಮ್ಮ ಬೆನ್ನುನೋವು ಹೇಗಿದೆ? ಸುರಂಗದ ಧೂಳಿಗೆ ಕೆಮ್ಮು ಮತ್ತೆ ಶುರುವಾಗಿದೆಯೋ, ಇಲ್ಲ ಪತ್ರದಲ್ಲಿ ಬರೆಯಲು ಬೇರೇನೂ ತೋಚದಿದ್ದಾಗ ಮಾತ್ರ ಕೆಮ್ಮುತ್ತೀರೋ? ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಒಳಗೆ ಹೋಗಬೇಡಿ. ಮೇಲ್ವಿಚಾರಕ ಎಂದರೆ ಮೇಲೆ ನಿಂತು ವಿಚಾರಿಸುವವನು, ಕೆಳಗಿಳಿದು ಅಗೆಯುವವನಲ್ಲ ಎಂದು ಎಷ್ಟು ಸಲ ಹೇಳಿದ್ದೇನೆ! ನಿಮ್ಮ ಕಿವಿಯೂ ಒಂದು ಸುರಂಗವೇ; ಈ ಕಡೆಯಿಂದ ಹೊಕ್ಕಿದ್ದು ಆ ಕಡೆಯಿಂದ ಹೊರಗೆ. ಅತ್ತೆಯ ಮಂಡಿನೋವು ವಾಸಿ, ಈಗ ಮೆಟ್ಟಿಲು ಹತ್ತಿ ಮಹಡಿಯ ಮನೆಯವರ ಜಗಳ ಕೇಳಿಸಿಕೊಂಡು ಬರುವಷ್ಟು ಸುಧಾರಿಸಿದ್ದಾರೆ. ನಾನು ಚೆನ್ನಾಗಿದ್ದೇನೆ. ನೀವು ಕೇಳಿಲ್ಲ, ಆದರೂ ಹೇಳುತ್ತಿದ್ದೇನೆ.

ಹೋದ ಪತ್ರದಲ್ಲಿ ನಿಮ್ಮ ಮುದ್ದಿನ ತಂಗಿಯ ಮೇಲೆ ಒಂದು ಪುಟ ಪೂರ್ತಿ ಬರೆದಿದ್ದಿರಿ. ಗುಬ್ಬಿಗೆ ಹೊಸ ಕೆಲಸ ಹೊಂದಿಕೊಂಡಿತೆ, ಗುಬ್ಬಿ ಸರಿಯಾಗಿ ಊಟ ಮಾಡುತ್ತಾಳೆಯೆ, ಗುಬ್ಬಿ ಬಸ್ಸಿನಲ್ಲಿ ನಿಂತುಕೊಂಡು ಹೋಗುತ್ತಾಳೆಯೆ. ಕೊನೆಗೆ ಅಂಚಿನಲ್ಲಿ, ಜಾಗ ಉಳಿದಿದೆಯಲ್ಲ ಪಾಪ ಎಂದು, “ನೀನೂ ಹುಷಾರು.” ಆ “ನೂ” ಇದೆಯಲ್ಲ, ಅದರೊಳಗೆ ಸಿಕ್ಕಿಕೊಂಡು ನಾನು ವಾರವೆಲ್ಲ ಒದ್ದಾಡಿದೆ. ನಾನು ನಿಮ್ಮ ಹೆಂಡತಿಯೋ, ಗುಬ್ಬಿಯ ಬಾಲಕ್ಕೆ ಹತ್ತಿದ ಊಕಾರವೋ? ಹೊಟ್ಟೆಕಿಚ್ಚು ಎನ್ನುತ್ತೀರಿ. ಹೌದು ರೀ, ಹೊಟ್ಟೆಕಿಚ್ಚೇ. ಒಲೆ ಹಚ್ಚದೆ ಅಡುಗೆ ಮಾಡಬಹುದು, ಅಷ್ಟಿದೆ.

ಇರಲಿ, ಸುದ್ದಿಗೆ ಬರುತ್ತೇನೆ. ನಮ್ಮ ಥರ್ಮಾಮೀಟರ್ ಕಂಪನಿಯಲ್ಲಿ ಗ್ರಾಹಕ ವಿಭಾಗಕ್ಕೆ ಒಬ್ಬ ಮುಖ್ಯಸ್ಥೆ ಬೇಕಾಗಿದ್ದರು. ನಾನು ಅಲ್ಲಿ ಎಷ್ಟು ವರ್ಷದಿಂದ ಇದ್ದೇನೆ ಎಂಬುದು ನಿಮಗೆ ಗೊತ್ತು. ಡಬ್ಬಿಯೊಳಗೆ ಮಡಚಿಡುವ “ಉಪಯೋಗಿಸುವ ಬಗೆ” ಎಂಬ ಕಾಗದ ಬರೆಯುವವಳು ನಾನು. ಎಂ.ಎ., ಪ್ರಥಮ ದರ್ಜೆ. ಗಿರಾಕಿ ಡಬ್ಬಿ ತೆರೆದು ಮೊದಲು ಮಾಡುವ ಕೆಲಸ ಆ ಕಾಗದ ಎಸೆಯುವುದು. ಎರಡನೆಯದು ಹೇಗೆ ಉಪಯೋಗಿಸುವುದು ಎಂದು ಕೌಂಟರಿಗೆ ಫೋನ್ ಮಾಡುವುದು. ಫೋನ್ ಎತ್ತುವವಳು ಗುಬ್ಬಿ. ನಾನು ಬರೆದದ್ದನ್ನೇ ಅವಳು ಓದಿ ಹೇಳುತ್ತಾಳೆ. ಹೊಗಳಿಕೆ ಯಾರಿಗೆ? “ಆ ಮೇಡಂ ಎಷ್ಟ್ ಚೆನ್ನಾಗಿ ಹೇಳ್ತಾರ್ರೀ!” ನನ್ನ ಅಕ್ಷರ, ಅವಳ ಕಂಠ. ಸೇರಿ ಒಂದು ವರ್ಷ ತುಂಬಿಲ್ಲ, ಕಿಟಕಿ ಪಕ್ಕದ ಕುರ್ಚಿ ಅವಳದು. ನನ್ನದು ಜೆರಾಕ್ಸ್ ಮಿಷನ್ನಿನ ಬೆನ್ನಿಗೆ. ಎಲ್ಲರೂ ಬರುತ್ತಾರೆ, ಪ್ರತಿ ತೆಗೆದುಕೊಂಡು ಹೋಗುತ್ತಾರೆ, ಮೂಲಪ್ರತಿಯನ್ನು ಯಾರೂ ಮಾತಾಡಿಸುವುದಿಲ್ಲ.

ಆ ಮುಖ್ಯಸ್ಥೆಯ ಜಾಗಕ್ಕೆ ಗುಬ್ಬಿಯ ಹೆಸರು ಎದ್ದಿತು. ಈಗ ಅವಳಿಗೆ ಮೊದಲು ಆ ಕೌಂಟರಿನ ಕೆಲಸ ಹೇಗೆ ಸಿಕ್ಕಿತು ಎಂಬ ಕಥೆ ನಿಮಗೆ ಹೇಳಲೇಬೇಕು. ಅವಳು ನಿಮಗೆ ಬರೆದಿರಬಹುದು, ಆದರೆ ಅವಳು ಬರೆದರೆ ಅದು ಸಾಹಸ, ನಾನು ಬರೆದರೆ ಇತಿಹಾಸ.

ಕೌಂಟರಿನಲ್ಲಿ ಜಾಗ ಖಾಲಿಯಿದೆ ಎಂದು ಅವಳಿಗೆ ಹೇಳಿದವಳು ನಾನೇ. ಅವಳ ಬಿ.ಕಾಂ. ಗೊತ್ತಲ್ಲ, ಸಂಖ್ಯಾಶಾಸ್ತ್ರದಲ್ಲಿ ನಪಾಸಾಗಿ ಕೂತಿದೆ. ಅದು ಬಿ.ಕಾಂ. ಅಲ್ಲ ರೀ, ಬಿ. ಕಾಮಾ, ಪೂರ್ಣವಿರಾಮ ಇನ್ನೂ ಬಿದ್ದಿಲ್ಲ. ಅರ್ಜಿಯಲ್ಲಿ ಅವಳು “ಬಿ.ಕಾಂ. ಓದಿದ್ದೇನೆ” ಎಂದು ಬರೆದಳು. ಓದಿದ್ದು ನಿಜ. ನಾನೂ ಆಕಾಶ ನೋಡಿದ್ದೇನೆ, ಹಾಗಂತ ಚಂದ್ರನ ಮೇಲೆ ಕಾಲಿಟ್ಟಿಲ್ಲ. ನಮ್ಮ ಮ್ಯಾನೇಜರರಿಗೆ ಅನುಮಾನ ಬಂತು. ಅವರನ್ನು ಆಫೀಸಿನಲ್ಲಿ ನಾವು ‘ನಿಘಂಟು’ ಎಂದು ಕರೆಯುವುದು ನಿಮಗೆ ನೆನಪಿರಬೇಕು. ಫೋನಿಗೆ ದೂರವಾಣಿ, ಫ್ಯಾನಿಗೆ ಬೀಸಣಿಗೆ, ರಜೆಗೆ ವಿರಾಮ ಎನ್ನುವ ಮನುಷ್ಯ. ಒಂದು ಬೆಳಿಗ್ಗೆ, ರಜೆಯ ದಿನ, ತಾವೇ ಫೋನ್ ಮಾಡಿದರು. ಗುಬ್ಬಿ ಆಗಷ್ಟೇ ಬಚ್ಚಲಿನಿಂದ ಹೊರಬಂದಿದ್ದಳು. ಕಿವಿಯ ಮೇಲೆ ಟವೆಲ್ ಸುತ್ತಿದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿದಳು. ನಾನು ಕಾಫಿ ಸೋಸುತ್ತಾ ಎಲ್ಲವನ್ನೂ ಕೇಳಿದೆ.

“ತಾವು ಸ್ನಾತಕರೇ?” ಎಂದರು ನಿಘಂಟು.

ಪದವೀಧರೆಯೋ ಎಂದು ಕೇಳಿದ್ದು ಅವರು. ನಿಮ್ಮ ತಂಗಿಗೆ ಕೇಳಿಸಿದ್ದು ಸ್ನಾನ. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಸುಳ್ಳು ಹೇಳಲು ಏನಿದೆ? “ಹೂಂ ಸಾರ್, ಈಗ ತಾನೇ ಆಯ್ತು.”

“ಸಂತೋಷ. ಎಲ್ಲಿ ಆಯಿತು?”

“ಮನೇಲೇ ಸಾರ್.”

“ಓಹೋ, ದೂರಶಿಕ್ಷಣ! ಭೇಷ್. ಮನೆಯಲ್ಲೇ ಕುಳಿತು ಪೂರೈಸಿದಿರಿ.”

“ಕೂತೇ ಸಾರ್, ನಿಂತ್ರೆ ಜಾರುತ್ತೆ.”

“ಮುಂದೆ ಸ್ನಾತಕೋತ್ತರದ ಆಲೋಚನೆ ಏನಾದರೂ?”

“ತಿಂಡಿ ಸಾರ್.”

ನಿಘಂಟು ನಗುತ್ತಲೇ ಫೋನಿಟ್ಟರು. ಇಷ್ಟು ಹಾಸ್ಯಪ್ರಜ್ಞೆಯ ಪದವೀಧರೆಯನ್ನು ಅವರು ನೋಡಿಯೇ ಇರಲಿಲ್ಲವಂತೆ. ನಾನು ಸೋಸುತ್ತಿದ್ದ ಕಾಫಿಯನ್ನು ಮೇಜಿಗೆ ಕುಡಿಸಿ, ನೆಲದ ಮೇಲೆ ಕೂತು ನಕ್ಕು, ಆಮೇಲೆ ಅರ್ಥ ಹೇಳಿದೆ. ಅವಳು ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕಳು. ನಗು ನಿಂತ ಮೇಲೆ ನಾನು, “ಈಗಲೇ ಫೋನ್ ಮಾಡಿ ಸರಿಪಡಿಸು” ಎಂದೆ. ಅದಕ್ಕೆ ಅವಳು, “ಬಿಡಿ ಅತ್ತಿಗೆ, ಅವರಾಗೇ ಪ್ರೀತಿಯಿಂದ ಡಿಗ್ರಿ ಕೊಟ್ಟಿದಾರೆ. ಬೇಡ ಅಂದ್ರೆ ಬೇಜಾರ್ ಮಾಡ್ಕೊಳಲ್ವಾ?” ಅಲ್ಲಿಯವರೆಗೆ ಅದು ತಪ್ಪು ತಿಳಿವಳಿಕೆ. ಅಲ್ಲಿಂದಾಚೆಗೆ ಸುಳ್ಳು. ಸಂದರ್ಶನದಲ್ಲಿ ಯಾವ ದರ್ಜೆ ಎಂದು ಕೇಳಿದಾಗ “ಪ್ರಥಮ ದರ್ಜೆ ಸಾರ್” ಅಂದಳಂತೆ. ಮನೆಗೆ ಬಂದು, “ಬಾಯಿಗೆ ನಿಮ್ದೇ ಬಂದ್ಬಿಡ್ತು ಅತ್ತಿಗೆ!” ನನ್ನ ಸೀರೆ ಉಡುತ್ತಾಳೆ, ನನ್ನ ಛತ್ರಿ ಹಿಡಿಯುತ್ತಾಳೆ, ಈಗ ನನ್ನ ದರ್ಜೆಯನ್ನೂ ತೊಟ್ಟುಕೊಂಡಳು. ಅವಳಿಗೆ ನನಗಿಂತ ಚೆನ್ನಾಗಿ ಒಪ್ಪುತ್ತದೆ, ಅದೇ ನನ್ನ ಸಂಕಟ. ಪ್ರಮಾಣಪತ್ರ ಎಲ್ಲಿ ಎಂದರೆ, ಮನೆ ಬದಲಿಸುವಾಗ ಪೆಟ್ಟಿಗೆ ಕಳೆದುಹೋಯಿತು ಎಂದಳಂತೆ. ಘಟಿಕೋತ್ಸವದಲ್ಲಿ ನೀವು ಗೌನು ತೊಟ್ಟ ಫೋಟೋ ಕೂಡ ಮನೆ ಬದಲಿಸುವಾಗಲೇ ಪೆಟ್ಟಿಗೆ ಸಮೇತ ಹೋಯಿತು ಎಂದಿದ್ದಿರಿ, ಅಲ್ಲವೆ? ಎಷ್ಟು ವಿದ್ಯಾವಂತ ಪೆಟ್ಟಿಗೆಯಪ್ಪ ಅದು! ಗೋಡೆಯ ಮೇಲೆ ನನ್ನ ಫೋಟೋ ಒಂದೇ ನೇತಾಡುತ್ತಿದೆ, ಪಕ್ಕದ ಮೊಳೆ ಇನ್ನೂ ನಿಮ್ಮದಕ್ಕೆ ಕಾಯುತ್ತಿದೆ.

ನಮ್ಮ ಕಾರ್ಖಾನೆಯಲ್ಲಿ ಹೊಸ ಗಾಜಿನ ಕಡ್ಡಿಯನ್ನು ಮೊದಲು ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗಿನ ಬಣ್ಣದ ಎಳೆ ಎಲ್ಲಿಗೆ ಏರಿತು ಎಂದು ಗುರುತು ಹಾಕಿ, ಆಮೇಲೆ ಡಿಗ್ರಿಯ ಗೆರೆ ಎಳೆಯುತ್ತಾರೆ. ನಮ್ಮಲ್ಲಿ ಸ್ನಾನ ಮಾಡಿದವರಿಗೇ ಡಿಗ್ರಿ. ಆ ಲೆಕ್ಕದಲ್ಲಿ ಗುಬ್ಬಿ ಕಂಪನಿಯ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದಾಳೆ.

ಶುಕ್ರವಾರ ನಿಘಂಟು ನನ್ನನ್ನು ಒಳಗೆ ಕರೆದರು. ಮುಖ್ಯಸ್ಥೆ ಮಾಡುವ ಮುಂಚೆ ವಿದ್ಯಾರ್ಹತೆ ಖಚಿತಪಡಿಸಿಕೊಳ್ಳಬೇಕು ಎಂದು ಮೇಲಿನವರು ಹೇಳಿದ್ದಾರಂತೆ. ಪ್ರಮಾಣಪತ್ರ ಪೆಟ್ಟಿಗೆಯ ಜೊತೆ ಹೋಗಿದೆ. ಆದರೆ ನಾನು ಹಳಬಳು, ಮನೆಯವಳು, ನಾನು ಹೇಳಿದರೆ ಸಾಕಂತೆ. ಅವರ ಮುಂದಿನ ಮಾತು ಕೇಳಿ. ಗುಬ್ಬಿ ಆಗದಿದ್ದರೆ ಆ ಜಾಗಕ್ಕೆ ನನ್ನನ್ನೇ ಪರಿಗಣಿಸಬಹುದು! ರೀ, ಆ ಕುರ್ಚಿಯ ತುದಿಯಲ್ಲಿ ಕೂತಿದ್ದಾಗ ನನ್ನ ಬಾಯಲ್ಲಿ ಒಂದು “ಇಲ್ಲ” ಸಿದ್ಧವಾಗಿ ಕೂತಿತ್ತು. ನಾಲಿಗೆಗೆ ಅದರ ರುಚಿ ಕೂಡ ಹತ್ತಿತ್ತು. ಗಾಜಿನಾಚೆ ಗುಬ್ಬಿ ಯಾರೊಂದಿಗೋ ಫೋನಿನಲ್ಲಿ, “ಇಲ್ಲ ಅಜ್ಜಿ, ಥರ್ಮಾಮೀಟರ್‌ನ ಕುದಿಯೋ ನೀರಿಗೆ ಹಾಕ್ಬೇಡಿ, ಅದು ಒಡೆದೇ ಹೋಗುತ್ತೆ, ನೀವು ಅಳ್ಬೇಡಿ” ಎನ್ನುತ್ತಿದ್ದಳು. “ಅಳಬೇಡಿ” ಎಂಬುದು ನನ್ನ ಕಾಗದದಲ್ಲಿ ಇಲ್ಲ. ಅದು ಅವಳ ಸೇರ್ಪಡೆ.

“ಹೇಳಿ, ಅವರು ಸ್ನಾತಕರು ಹೌದು ತಾನೆ?” ಎಂದರು ನಿಘಂಟು. ಕೇಳಲು ಅವರಿಗೆ ಬೇರೆ ಪದವೇ ಸಿಗಲಿಲ್ಲ ನೋಡಿ.

“ಅದರಲ್ಲಿ ಅನುಮಾನವೇ ಬೇಡ ಸಾರ್. ಒಂದೇ ಮನೇಲಿದೀವಿ, ನನಗೆ ಗೊತ್ತಿಲ್ವಾ?”

ಬೆಳಿಗ್ಗೆ ನಾನು ಬಚ್ಚಲಿನ ಬಾಗಿಲು ಬಡಿಯುತ್ತಾ ನಿಲ್ಲುವುದನ್ನು ನೀವು ನೋಡಿದ್ದೀರಿ. ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿದೆಯೆ? ಹೊರಗೆ ಬಂದಾಗ ಹೊಟ್ಟೆಯಲ್ಲಿ ಕಿಚ್ಚು, ಮುಖದಲ್ಲಿ ತ್ಯಾಗ. ಸಂಜೆ ಗುಬ್ಬಿಗೆ ಹೇಳಿ, ಅವಳು ನನ್ನ ಕುತ್ತಿಗೆಗೆ ಜೋತುಬೀಳುವುದನ್ನು ಕಾದೆ. ಅವಳು ಜೋತುಬೀಳಲಿಲ್ಲ. ತಟ್ಟೆಯ ಅನ್ನವನ್ನು ಹಾಗೇ ಬಿಟ್ಟು ಎದ್ದು ಹೋದಳು.

ಶನಿವಾರ ಬೆಳಿಗ್ಗೆ ನಾನು ಆಫೀಸು ಸೇರುವ ಮುಂಚೆಯೇ ನಿಮ್ಮ ತಂಗಿ ನಿಘಂಟುವಿನ ಮುಂದೆ ನಿಂತು ಎಲ್ಲವನ್ನೂ ಹೇಳಿಬಿಟ್ಟಿದ್ದಳು. ಸ್ನಾನ, ತಿಂಡಿ, ಪೆಟ್ಟಿಗೆ, ಸಂಖ್ಯಾಶಾಸ್ತ್ರ, ಎಲ್ಲ. ಯಾಕೆ ಎಂದರೆ, “ನಾನ್ ಹೇಳಿದ್ ಸುಳ್ಳು ನನ್ ಹೊಟ್ಟೇಲಿ ಹೇಗೋ ಅರಗಿತ್ತು ಅತ್ತಿಗೆ. ನೀವೂ ನಂಗೋಸ್ಕರ ಹೇಳಿದ್ರಲ್ಲ, ಅದು ಅರಗ್ಲಿಲ್ಲ.” ನಾನು ಸುಳ್ಳು ಹೇಳಿಲ್ಲ, ಶ್ಲೇಷೆ ಮಾಡಿದೆ ಎಂದರೆ ಯಾರು ಕೇಳುತ್ತಾರೆ? ನಿಘಂಟು ಮಾತ್ರ ಕೇಳಿದರು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, “ಶ್ಲೇಷೆ ಚೆನ್ನಾಗಿದೆ. ನಡತೆ ಚೆನ್ನಾಗಿಲ್ಲ” ಎಂದರು.

ಈಗ ಫಲಿತಾಂಶ. ಮುಖ್ಯಸ್ಥೆಯ ಜಾಗ ಇಬ್ಬರಿಗೂ ಇಲ್ಲ, ಹೊರಗಿನಿಂದ ಯಾರೋ ಬರುತ್ತಾರೆ. ಗುಬ್ಬಿಯನ್ನು ಕೌಂಟರಿನಲ್ಲಿ ಉಳಿಸಿಕೊಂಡಿದ್ದಾರೆ, ಈ ಸಲದ ಪರೀಕ್ಷೆಯಲ್ಲಿ ಪಾಸಾಗಲೇಬೇಕು, ಇಲ್ಲದಿದ್ದರೆ ಮನೆಗೆ. ನನಗೆ ಒಂದು ಎಚ್ಚರಿಕೆ ಪತ್ರ. ಆಫೀಸಿನವರೆಲ್ಲ ಗುಬ್ಬಿಯ ಪ್ರಾಮಾಣಿಕತೆಯನ್ನು ಹೊಗಳಿದ್ದೇ ಹೊಗಳಿದ್ದು. ಸುಳ್ಳು ಹೇಳಿ ಕೆಲಸ ಗಿಟ್ಟಿಸಿದಳು, ನಿಜ ಹೇಳಿ ಹೆಸರು ಗಿಟ್ಟಿಸಿದಳು. ಅವೆರಡರ ಮಧ್ಯದ ಕಿರಿದಾದ ಜಾಗದಲ್ಲಿ ಎಂ.ಎ. ಮಾಡಿದ ನಾನು ಸಿಕ್ಕಿಹಾಕಿಕೊಂಡಿದ್ದೇನೆ. ಸಂಖ್ಯಾಶಾಸ್ತ್ರ ಹೇಳಿಕೊಡುವ ಹೊಣೆ ಯಾರದು ಎಂದು ನಾನು ಬರೆಯಬೇಕಿಲ್ಲ. ನಿನ್ನೆ ಸಂಜೆಯೇ ಇದೇ ಮೇಜಿನಲ್ಲಿ ಶುರುಮಾಡಿದೆವು. ‘ಸರಾಸರಿ’ ಅವಳಿಗೆ ಬೇಗ ಅರ್ಥವಾಯಿತು. ‘ವಿಚಲನೆ’ ಹತ್ತುತ್ತಿಲ್ಲ, ನಾನೂ ಸ್ವಲ್ಪ ವಿಚಲಿತಳಾಗಿದ್ದೆ.

ಅತ್ತೆ ಆಶೀರ್ವಾದ ಹೇಳಿದ್ದಾರೆ, ಬಿಸಿನೀರು ಕುಡಿಯಬೇಕಂತೆ. ಗುಬ್ಬಿ ನೆನಪು ಹೇಳಿದ್ದಾಳೆ. ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡಿದ್ದಾಳೆ, ನಿನ್ನೆಯಿಂದ ನನ್ನ ಕಣ್ಣಿಗೆ ಕಣ್ಣು ಕೊಡುತ್ತಿಲ್ಲ. ಹೊಸ ಬನಿಯನ್ನುಗಳನ್ನು ಪೆಟ್ಟಿಗೆಯ ತಳದಲ್ಲೇ ಬಿಟ್ಟಿರುತ್ತೀರಿ, ತೆಗೆದು ಹಾಕಿಕೊಳ್ಳಿ. ನೀವೂ ಹುಷಾರು.

ಇಂತಿ ನಿಮ್ಮ,
ಊಕಾರ
(ಎಂ.ಎ., ಪ್ರಥಮ ದರ್ಜೆ, ಒಂದು ಎಚ್ಚರಿಕೆ)

ಮರೆತದ್ದು: ಮರೆತಿಲ್ಲ, ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು, ಇಷ್ಟು ಹೊತ್ತು ಸುತ್ತು ಹೊಡೆದೆ. ನಿನ್ನೆ ಲೆಕ್ಕ ಬಾರದೆ ಅವಳು ಕಣ್ಣೀರಿಟ್ಟಳು. ನಾನು ತಲೆ ಸವರಿದೆ. ಅವಳು ಮೂಗೊರೆಸಿಕೊಂಡು, “ನಮ್ ಮನೇಲಿ ಯಾರಿಗೂ ಇದು ಹತ್ತಲ್ಲ ಅತ್ತಿಗೆ, ಅಣ್ಣನೂ ಇದೇ ಪೇಪರಲ್ಲಿ ತಾನೇ ಫೇಲಾಗಿ ನಿಂತ್ಕೊಂಡಿದ್ದು” ಎಂದು, ಆಮೇಲೆ ನಾಲಿಗೆ ಕಚ್ಚಿಕೊಂಡಳು. ನಾನು ಅತ್ತೆಯ ಮುಖ ನೋಡಿದೆ, ಅತ್ತೆ ತಾವು ಬಿಡಿಸುತ್ತಿದ್ದ ಸೊಪ್ಪು ನೋಡಿದರು. ಅಂದರೆ ಫೋಟೋ ಕಳೆದದ್ದಲ್ಲ, ತೆಗೆದೇ ಇರಲಿಲ್ಲ. ಸುರಂಗದವರು ನಿಮ್ಮನ್ನು ಡಿಗ್ರಿ ಕೇಳಿರಲಿಲ್ಲ, ಕೇಳಿದ್ದು ನಮ್ಮಪ್ಪ ಒಬ್ಬರೇ. ನೀವು ಸುಳ್ಳು ಅರ್ಜಿ ಹಾಕಿದ್ದು ಅಳಿಯನ ಹುದ್ದೆಗೆ. ಡಿಗ್ರಿ ಇಲ್ಲ ಎಂದು ಕೋಪವಿಲ್ಲ ರೀ. ಆವತ್ತೇ ಹೇಳಿದ್ದರೂ ಆ ಹುದ್ದೆ ನಿಮಗೇ ಸಿಗುತ್ತಿತ್ತು, ಕೊಡುವವಳು ನಾನು. ನಾನು ಎಂ.ಎ., ಎಂ.ಎ. ಎಂದು ಮೆರೆಯುವಾಗ ಆ ಖಾಲಿ ಮೊಳೆಯ ಕೆಳಗೆ ಕೂತು ನಗುತ್ತಿದ್ದಿರಲ್ಲ, ಆ ನಗು ಏನು ಎಂದು ನಿನ್ನೆ ರಾತ್ರಿ ಗೊತ್ತಾಯಿತು. ಆದರೆ ಅವಳಿಗೆ ಗೊತ್ತಿತ್ತು. ಇಷ್ಟು ವರ್ಷ ಅದು ನಿಮ್ಮ, ಅವಳ ಗುಟ್ಟಾಗಿತ್ತು, ನಾನು ಹೊರಗಿನವಳು. ಕುರ್ಚಿ, ಸೀರೆ, ದರ್ಜೆ ಎಲ್ಲ ಅವಳಿಗೇ ಇರಲಿ. ಈ ಗುಟ್ಟು ಮಾತ್ರ ನನ್ನ ಪಾಲಿನದು, ಇದನ್ನು ಅವಳಿಗೆ ಯಾಕೆ ಕೊಟ್ಟಿರಿ? ಬರೆಯಿರಿ. ಅಂಚಿನಲ್ಲಲ್ಲ, ಪುಟ ಪೂರ್ತಿ. ಸ್ನಾತಕೋತ್ತರ ನನ್ನ ಹತ್ತಿರ ಇದೆ. ನನಗೆ ಈಗ ಬೇಕಾಗಿರುವುದು ಬರೀ ಉತ್ತರ.