ನಾಲ್ಕರಲ್ಲಿ ಒಂದು

ನೌಬಾದ, ಬೀದರ
ತಾ. 12-11-2024

ಮಗಳಂಥ ಪೂನಮಗೆ ಸೋದರಮಾವ ಭಾಲಚಂದ್ರನ ಆಶೀರ್ವಾದಗಳು.

ಮೈ ಹೇಗಿದೆ? ಮುಂಜಾನೆಯ ವಾಂತಿ ಕಡಿಮೆಯಾಯಿತೇ? ನಿನ್ನ ಪುಟ್ಟ ಗೌರವ ಊಟ ಮಾಡುತ್ತಾನೋ, ಬರೀ ಬೆಲ್ಲ ನೆಕ್ಕಿ ಎದ್ದುಹೋಗುತ್ತಾನೋ? ಎಕಂಬಾದಲ್ಲಿ ಚಳಿ ಶುರುವಾಗಿರಬೇಕು, ಕಿವಿ ಮುಚ್ಚುವ ಟೋಪಿ ಹಾಕು. ನಿನ್ನೆಯಿಂದ ನೀನು ಫೋನು ಮಾಡುತ್ತಲೇ ಇದ್ದೀ, ನಾನು ಎತ್ತಲಿಲ್ಲ. ಹೊಟ್ಟೆಯೊಳಗಿನ ಕೂಸಿನ ತಪಾಸಣೆಯ ವರದಿ ಕೇಳಲಿಕ್ಕೆ ಎಂದು ಗೊತ್ತು. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನನ್ನದೊಂದು ಕೇಳು.

ನಿನ್ನ ಮಾವನ ಲೆಕ್ಕ ನಿನಗೆ ಗೊತ್ತೇ ಇದೆ. ಮನ್ನಳ್ಳಿ ಸಾಲಿಯಲ್ಲಿ ಏಳನೇ ಇಯತ್ತೆಯವರೆಗಷ್ಟೇ ಕಲಿತರೂ ಬಾಯಿಲೆಕ್ಕದಲ್ಲಿ ನನ್ನನ್ನು ಸೋಲಿಸಿದವನು ಇನ್ನೂ ಹುಟ್ಟಿಲ್ಲ. ಪಗಡೆಗೆ ಕೂತರೆ ಗೆಳೆಯ ರಶೀದ ಅಹ್ಮದ ಇವತ್ತಿಗೂ ದಾಳ ಮುಟ್ಟುವ ಮೊದಲು ಮೂರು ಸಲ ಗಂಟಲು ಸರಿಮಾಡಿಕೊಳ್ಳುತ್ತಾನೆ. ಆ ಸೊಕ್ಕಿನಲ್ಲೇ ಹೋದ ವರ್ಷ ನಾನು ಬಾಯಿ ಹಾಕಿದ್ದು. ಗೌರವನಿಗೆ ಥಲಸ್ಸೀಮಿಯಾ, ತಿಂಗಳು ತಿಂಗಳು ರಕ್ತ ಏರಿಸಬೇಕಾದ ಬೇನೆ, ಎಂದು ತಿಳಿದ ದಿನ ಡಾಕ್ಟರು, ಗಂಡ ಹೆಂಡತಿ ಇಬ್ಬರ ರಕ್ತದಲ್ಲೂ ಆ ದೋಷ ಅಡಗಿದೆ, ಹುಟ್ಟುವ ಮಕ್ಕಳಿಗೆ ನಾಲ್ಕರಲ್ಲಿ ಒಂದು ಪಾಲು ಅಪಾಯ ಎಂದಿದ್ದರು. ನೀನು “ಇನ್ನೊಂದು ಕೂಸು ಬ್ಯಾಡ ಮಾಮಾ” ಎಂದು ಅತ್ತೆ. ನಾನು ತೊಡೆ ತಟ್ಟಿ “ಹುಚ್ಚಿ, ಆ ಒಂದು ಗೌರವನ ಪಾಲಿಗಿ ಬಂದು ಹೋತು. ಇನ್ನ ಮೂರು ಗ್ಯಾರಂಟಿ ಚೊಲೋ ಬರ್ತಾವ” ಎಂದೆ. ಡಾಕ್ಟರನ್ನೇ ಅಂಜುಬುರುಕ ಎಂದೆ. ನೀವು ಗಂಡ ಹೆಂಡತಿ ನನ್ನನ್ನು ನಂಬಿದಿರಿ.

ಮೊನ್ನೆ ರವಿವಾರ ಮೊಮ್ಮಗಳು ಮಂಜಿರಿ ಸಾಲಿಯ ಗಣಿತದ ಪ್ರಯೋಗ ಮಾಡುತ್ತಿದ್ದಳು. ಚೀಲದಲ್ಲಿ ನಾಲ್ಕು ಹುಣಸೆಬೀಜ, ಒಂದನ್ನು ಉಜ್ಜಿ ಬೆಳ್ಳಗೆ ಮಾಡಿದ್ದಳು. ನೋಡದೆ ಒಂದು ತೆಗೆಯುವುದು, ಬರೆದುಕೊಳ್ಳುವುದು, ತಿರುಗಿ ಚೀಲಕ್ಕೆ ಹಾಕುವುದು. ಬಿಳಿಯದು ಬಂತು. “ಇನ್ನ ಮೂರು ಸಲ ಕರೀದೇ ಬರತದ, ಪಂಥ ಕಟ್ಟು” ಎಂದೆ. ಮರುಸಲವೇ ಬಿಳಿ! ಕಳ್ಳಾಟ ಎಂದು ಬೈದೆ. “ಅಜ್ಜಾ, ಹಿಂದ ಏನ ಬಂದದ ಅಂತ ಚೀಲಕ್ಕ ಗೊತ್ತಿರತದೇನ?” ಎಂದು ನಕ್ಕಳು. ಅವಳ ಕೈಯಿಂದ ಚೀಲ ಕಸಿದುಕೊಂಡು ನಾನೇ ನೂರು ಸಲ ತೆಗೆದೆ. ಪುಸ್ತಕದ ಲೆಕ್ಕಕ್ಕೆ ಇಪ್ಪತ್ತೈದು, ನನಗೆ ಇಪ್ಪತ್ತೇಳು ಬಿಳಿ ಬಂದವು. ಅವುಗಳಲ್ಲಿ ಏಳು, ಬಿಳಿಯದರ ಬೆನ್ನಿಗೇ ಬಂದವು. ಪ್ರತಿ ಸಲವೂ ಚೀಲದಲ್ಲಿ ನಾಲ್ಕಕ್ಕೆ ನಾಲ್ಕೂ ಬೀಜ ಇರುತ್ತಿದ್ದವು, ಪೂನಮ. ಗೌರವ ಹುಟ್ಟಿದ ಮೇಲೂ ನಿನ್ನ ಚೀಲದಲ್ಲಿ ನಾಲ್ಕೂ ಇದ್ದವು. ಹನ್ನೆರಡು ವರ್ಷದ ಹುಡುಗಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಅವತ್ತು ನಾಲಿಗೆಯೂ ಹೊರಳಲಿಲ್ಲ.

ನಿನ್ನತ್ತೆ ಕುಮುದಿನಿ ನಿನ್ನೆಯಿಂದ ನನ್ನೊಡನೆ ಮಾತಾಡಿಲ್ಲ. ನಿನಗೆ ಶೇಂಗಾ ಚಟ್ನಿ ಕಟ್ಟಿಟ್ಟಿದ್ದಾಳೆ. ಮನೆಯ ಹಿರಿಯರಿಗೆ ನಮಸ್ಕಾರ, ಗೌರವನಿಗೆ ಮುತ್ತು.

ನಿನ್ನ ಮಾವ,
ಭಾಲಚಂದ್ರ

ತಾ.ಕ.: ಹೈದರಾಬಾದಿನ ವರದಿ ಇಲ್ಲಿಯ ಡಾಕ್ಟರಿಗೆ ನಿನ್ನೆಯೇ ಬಂದಿದೆ. ಈ ಕೂಸಿಗೂ ಅದೇ ಬೇನೆ. ಫೋನಿನಲ್ಲಿ ಹೇಳಲಾಗದೆ, ಔರಾದ ಬಸ್ಸಿನ ಕಂಡಕ್ಟರ ಅಬ್ದುಲ ಅಜೀಜನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಭಾಲ್ಕಿಯ ಕೆಲಸದ ಜಾಗಕ್ಕೇ ಹೋಗಿ ನಿನ್ನ ಗಂಡ ಆಶೀಷನಿಗೆ ನಾನೇ ಹೇಳುತ್ತೇನೆ. ಮುಂದೇನು ಎಂದು ನಿರ್ಧರಿಸಲು ದಿನ ಕಡಿಮೆ ಇವೆ, ಗುರುವಾರ ಇಬ್ಬರೂ ಬರಬೇಕೆಂದು ಡಾಕ್ಟರು ಹೇಳಿದ್ದಾರೆ. ಗೌರವನನ್ನೂ ಕರೆದುಕೊಂಡು ಬಾ, ಅವನಿಗೆ ರಕ್ತ ಏರಿಸುವ ದಿನವೂ ಅದೇ.