ಅರೆಮುಚ್ಚಿದ ಕಣ್ಣು

ಜೂನ್ 3, ಸಂಜೆ
ಇವತ್ತೂ ಬ್ರಷ್ ತೊಳೆದದ್ದೇ ಕೆಲಸ. ಎಂಟನೇ ಕ್ಲಾಸಿನವರು ಸಿಂಕಿನ ತುಂಬ ಹಸಿರು ಬಣ್ಣ ಚೆಲ್ಲಿ ಹೋಗಿದ್ದರು. ತೊಳೆಯುತ್ತಿರುವಾಗಲೇ ಹೆಡ್‌ಮಿಸ್ಸು ಬಾಗಿಲಲ್ಲಿ ಬಂದು ನಿಂತರು.

"ಮುಂದಿನ ಟರ್ಮಿಂದ ಡ್ರಾಯಿಂಗ್ ಇರಲ್ಲ ಟೀಚರ್. ಬದಲಿಗೆ ಡಿಜಿಟಲ್ ಫೋಟೋಗ್ರಫಿ. ನೀವೇ ತಗೋತೀರಾ, ಹೊರಗಿನವರನ್ನ ಕರೆಸ್ಲಾ?"

"ನಾನೇ ತಗೋತೀನಿ" ಅಂದುಬಿಟ್ಟೆ. ಬಾಯಿಗೆ ಬೀಗ ಹಾಕಿಕೊಳ್ಳಬೇಕಿತ್ತು! ಕೈಯಲ್ಲಿ ಪೆನ್ಸಿಲ್, ಬ್ರಷ್ ಬಿಟ್ಟು ಬೇರೇನೂ ಹಿಡಿದವಳಲ್ಲ. ತಿಂಗಳ ಕೊನೆಗೆ ಶಾಲೆಯ ಕಮಿಟಿಯ ಎದುರು ಡೆಮೊ ಕ್ಲಾಸ್. ಒಪ್ಪಿದರೆ ಕೆಲಸ ಉಳಿಯುತ್ತದೆ. ಇಲ್ಲವೆಂದರೆ... ಮನೆ.

ಜೂನ್ 5
ಶಾಲೆಯ ಕ್ಯಾಮೆರಾ ಮನೆಗೆ ತಂದೆ. ಮೈತುಂಬ ಗುಂಡಿಗಳು. ಆಟೋ ಅನ್ನುವುದು ಸೋಮಾರಿಗಳಿಗೆ ಎಂದುಕೊಂಡು ಫೋಕಸನ್ನು ಕೈಯಲ್ಲೇ ತಿರುಗಿಸುವಂತೆ ಇಟ್ಟೆ. ಜಂಬ ನೋಡಿ ನನ್ನದು!

ಅತ್ತೆ ಕಿಟಕಿ ಪಕ್ಕ ಬಟಾಣಿ ಸುಲಿಯುತ್ತಿದ್ದರು. ಒಂದು ಕೆನ್ನೆ ಬೆಳಕಲ್ಲಿ, ಇನ್ನೊಂದು ನೆರಳಲ್ಲಿ. ಎಂಥ ಚಂದ... ತೆಗೆದದ್ದೇ ತೆಗೆದದ್ದು.

"ಬಟಾಣಿ ಸುಲಿಯೋದನ್ನ ಯಾರಾದ್ರೂ ಫೋಟೋ ಹಿಡೀತಾರೇನೇ? ಮೊದ್ಲೇ ಹೇಳಿದ್ರೆ ತಲೆನಾದ್ರೂ ಬಾಚ್ಕೋತಿದ್ದೆ."

ಜೂನ್ 6
ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ. ಎಲ್ಲ ಮಸುಕು. ಒಂದಾದರೂ ನೆಟ್ಟಗಿಲ್ಲ. ಅಳುವೇ ಬಂತು. ಅತ್ತೆ ಹಿಂದಿನಿಂದ ಇಣುಕಿದರು.

"ನನ್ನ ಸುಕ್ಕೆಲ್ಲಾ ಎಲ್ಲಿ ಹೋಯ್ತೇ? ಇದನ್ನೇ ಇಟ್ಕೋ, ಅಳಿಸ್ಬೇಡ!"

ಅವರಿಗೆ ತಮಾಷೆ. ನನಗೆ ಮೈಯೆಲ್ಲ ಉರಿ.

ಜೂನ್ 14
ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ. ದಿನವೂ ತೆಗೆದೆ — ದಿನವೂ ಮಸುಕು. ಹೊರಗಿನವರನ್ನೇ ಕರೆಸಿ ಎಂದು ನಾಳೆ ಹೆಡ್‌ಮಿಸ್ಸಿಗೆ ಹೇಳಿಬಿಡುವುದೇ ವಾಸಿ.

ಜೂನ್ 15, ಬೆಳಿಗ್ಗೆ
ಹೇಳುವುದಿಲ್ಲ. ಮಸುಕಿಗೆ ಕಾರಣ ಸಿಕ್ಕಿತು. ಹಿಡಿದವರು ಅತ್ತೆ.

"ಅಲ್ವೇ, ಫೋಟೋ ತೆಗೆಯುವಾಗ ನಿದ್ದೆ ಯಾಕೆ ಮಾಡ್ತೀಯ? ಕಣ್ಣು ಅರ್ಧ ಮುಚ್ಕೊಂಡೇ ಇರ್ತೀಯಲ್ಲ!"

ಅಯ್ಯೋ ನನ್ನ ತಲೆ! ಚಿತ್ರ ಬರೆಯುವವರ ಚಾಳಿ. ಕಣ್ಣು ಅರೆ ಮುಚ್ಚಿದರೆ ವಿವರವೆಲ್ಲ ಮಾಯ, ಬೆಳಕು ನೆರಳು ಮಾತ್ರ ಉಳಿಯುತ್ತದೆ. ವರ್ಷಗಟ್ಟಲೆ ಮಕ್ಕಳಿಗೆ ಕಲಿಸಿದ್ದೂ ಅದನ್ನೇ. ಹಾಗೆ ನೋಡುವವಳಿಗೆ ಫೋಕಸ್ ಇದ್ದರೇನು, ಇಲ್ಲದಿದ್ದರೇನು? ನಕ್ಕು ನಕ್ಕು ಸುಸ್ತಾದೆ.

ಮಸುಕು ಫೋಟೋಗಳನ್ನು ಮತ್ತೆ ತೆರೆದೆ. ಬೆಳಕು ಮಾತ್ರ ಒಂದರಲ್ಲೂ ತಪ್ಪಿಲ್ಲ. ಅಂದರೆ ಅರ್ಧ ಕೆಲಸ ಬರುತ್ತದೆ ನನಗೆ. ಉಳಿದರ್ಧ ಕಲಿತರಾಯಿತು.

ಜೂನ್ 28
ಡೆಮೊ ಮುಗಿಯಿತು. ಕಮಿಟಿಯವರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಕ್ಯಾಮೆರಾ ಮೇಜಿನ ಮೇಲೆಯೇ ಇಟ್ಟೆ.

"ಮೊದಲು ಕಣ್ಣು ಅರ್ಧ ಮುಚ್ಚಿ. ಬೆಳಕು ಎಲ್ಲಿದೆ ಹೇಳಿ."

ಮಕ್ಕಳು ಮುಚ್ಚಿದರು. ಕಮಿಟಿಯ ದಪ್ಪ ಮೀಸೆಯವರೂ ಮುಚ್ಚಿದರು!

"ಈಗ ಪೂರ್ತಿ ತೆರೆದು ಫೋಕಸ್ ಮಾಡಿ. ತೆರೆಯೋದು ಮರೆತರೆ ಹೀಗಾಗುತ್ತೆ" ಎಂದು ಅತ್ತೆಯ ಫೋಟೋ ತೋರಿಸಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮೇಲೆ ಕ್ಯಾಮೆರಾಕ್ಕೆ ನೂಕುನುಗ್ಗಲು.

ಹೋಗುವಾಗ ಮೀಸೆಯವರು ಮೆಲ್ಲಗೆ ಕೇಳಿದರು, "ನಮ್ಮನೇಲೂ ಒಂದು ಕ್ಯಾಮೆರಾ ಸುಮ್ನೆ ಬಿದ್ದಿದೆ. ದೊಡ್ಡವರಿಗೆ ಕ್ಲಾಸ್ ಇಲ್ವಾ?" ನಕ್ಕೆ. ಕೆಲಸದ ಮಾತು ಮಾತ್ರ ಯಾರೂ ಆಡಲಿಲ್ಲ.

ಜುಲೈ 2, ಸಂಜೆ
ಕ್ಲಾಸು ನನಗೇ ಕೊಟ್ಟರು! ಬಾಗಿಲ ಬೋರ್ಡಿನಲ್ಲಿ 'ಡ್ರಾಯಿಂಗ್' ಅಳಿಸಬೇಡಿ, ಕೆಳಗೆ 'ಫೋಟೋಗ್ರಫಿ' ಅಂತ ಇನ್ನೊಂದು ಸಾಲು ಬರೆಸಿ ಅಂದೆ. ಹೆಡ್‌ಮಿಸ್ಸು ಒಪ್ಪಿದರು. ಸಿಂಕೂ ಉಳಿಯಿತು.

ಅತ್ತೆಗೆ ಹೇಳಿದೆ. ಸೀದಾ ಒಳಗೆ ಹೋದರು. ತಲೆ ಬಾಚಿಕೊಂಡು ಬಂದು ಕಿಟಕಿ ಪಕ್ಕ ಕೂತರು, ಬಟಾಣಿ ಬುಟ್ಟಿ ಸಮೇತ.

"ಈ ಸಲ ಸುಕ್ಕು ಕಂಡ್ರೂ ಪರವಾಗಿಲ್ಲ. ಬರೆಯೋದು ಆಮೇಲೆ, ಬೇಗ ಬಾರೇ. ಬೆಳಕು ಹೋಗ್ತಿದೆ!"

ಅರೆ, ಬೆಳಕಿನ ಮಾತು ಅತ್ತೆಯ ಬಾಯಲ್ಲಿ! ಕಣ್ಣು ತುಂಬಿ ಬಂತು. ಇಗೋ, ಎದ್ದೆ. ಕ್ಯಾಮೆರಾ ಎಲ್ಲಿಟ್ಟೆ —