ನನ್ನೊಬ್ಬಳದೇ ಪಾಸ್‌ಪೋರ್ಟ್

ಯಾಂಬು
14 ನವೆಂಬರ್ 1986, ಶುಕ್ರವಾರ

ಪ್ರೀತಿಯ ರಾಬಿಯಕ್ಕನಿಗೆ ತಂಗಿ ಬತೂಲಳ ಸಲಾಂ.

ನಿನ್ನ ಕಾಗದಕ್ಕೆ ಎರಡು ತಿಂಗಳು ಉತ್ತರ ಬರೆಯಲಿಲ್ಲ, ಬೈದುಬಿಡು. ಬುರೈದಾದ ಮನೆಯಲ್ಲಿ ಹಗಲಿಡೀ ಖಾಲಿ ಕೂರುವವಳು ಪುರುಸೊತ್ತಿಲ್ಲ ಎಂದರೆ ನೀನು ನಂಬುವವಳಲ್ಲ. ಮನಸ್ಸು ಸರಿಯಿರಲಿಲ್ಲ. ಇವರು ತುಂಬಾ ಒಳ್ಳೆಯವರಾಗಿಬಿಟ್ಟಿದ್ದಾರೆ ಅಕ್ಕಾ. ಏಳು ವರ್ಷ ಸಾರಿಗೆ ಉಪ್ಪು ಕಡಿಮೆ ಎಂದು ಮುಖ ಸಿಂಡರಿಸಿದ ಗಂಡ ಈಗ ಸಪ್ಪೆ ಸಾರನ್ನೂ ಹೊಗಳಿ ಉಣ್ಣುತ್ತಾರೆ. ನನಗೆ ಅಲ್ಲೇ ಸಂಶಯ ಹುಟ್ಟಿತು.

ಮೊನ್ನೆ ಇದ್ದಕ್ಕಿದ್ದಂತೆ ಯಾಂಬುವಿಗೆ ಹೋಗಿ ಸಮುದ್ರ ನೋಡಿ ಬರುವ ಎಂದರು. ಇಲ್ಲಿ ಊರು ಬಿಟ್ಟು ಹೋಗಲು ಕೆಲಸಕ್ಕೆ ಕರೆಸಿಕೊಂಡ ಕಫೀಲ್ ಚೀಟಿ ಬರೆದುಕೊಡಬೇಕು. ಒಂದು ದಿನ ರಜೆ ಕೊಡಲು ಗೋಳು ಹೊಯ್ದುಕೊಳ್ಳುವ ಆ ಯಜಮಾನ ಚೀಟಿಯ ಜೊತೆಗೆ ಖರ್ಜೂರದ ಗೋದಾಮಿನ ಪಿಕಪ್ಪನ್ನೂ ಕೊಟ್ಟನಂತೆ. ಏನು ವಿಶೇಷ ಎಂದು ಕೇಳಿದರೆ ಇವರು ನಕ್ಕು, ಗಾಡಿ ಹತ್ತು ಎಂದರು.

ದಾರಿಯಲ್ಲಿ ಮದೀನಾ ಇನ್ನೂ ದೂರ ಇರುವಾಗಲೇ ನೆಲ ಕಪ್ಪಾಯಿತು. ಅಲ್ಲಿನ ಗುಡ್ಡಗಳು ಹಿಂದೆ ಯಾವಾಗಲೋ ಬೆಂಕಿ ಉಗುಳಿದವಂತೆ. ಕರಗಿ ಹರಿದ ಕಲ್ಲು ಹಾಗೆಯೇ ಗಟ್ಟಿಯಾಗಿ, ತಳ ಹಿಡಿದ ಅನ್ನದ ಹಾಗೆ, ಮೈಲುಗಟ್ಟಲೆ ಬಿದ್ದಿದೆ. ಒಂದು ಹುಲ್ಲುಕಡ್ಡಿ ಇಲ್ಲ. ಇವರು ನಾಲ್ಕು ಕಡೆ ಗಾಡಿ ನಿಲ್ಲಿಸಿ ನನ್ನ ಫೋಟೋ ತೆಗೆದರು. ನೀವೂ ಬನ್ನಿ ಎಂದರೆ ತೆಗೆಯುವವರು ಯಾರು ಎಂದರು.

ಪೆಟ್ರೋಲ್ ಹಾಕಿಸಲು ಇವರು ಇಳಿದಾಗ, ಕೈ ಒರೆಸಲು ಬಟ್ಟೆ ಹುಡುಕುತ್ತಾ ಗಾಡಿಯ ಖಾನೆ ತೆರೆದೆ. ಪೇಪರಿನಲ್ಲಿ ಸುತ್ತಿದ ಪಾಸ್‌ಪೋರ್ಟ್ ಇತ್ತು. ನನ್ನದು ಮಾತ್ರ. ಇವರದಿಲ್ಲ. ಕಫೀಲನ ಕಪಾಟಿನಿಂದ ಪಾಸ್‌ಪೋರ್ಟ್ ಹೊರಗೆ ಬರುವುದು ಊರಿಗೆ ಹೋಗುವಾಗ ಮಾತ್ರ. ಒಳಗೆ ಹೊಸದಾಗಿ ಅರಬಿ ಮುದ್ರೆ ಒತ್ತಿತ್ತು. ಮದ್ರಸದಲ್ಲಿ ಕಲಿತ ಓದು ನನ್ನದು, ಅಕ್ಷರ ಕೂಡಿಸಿ ಓದಿದೆ, ಅರ್ಥ ಗೊತ್ತಾಗಲಿಲ್ಲ. ಇದ್ದ ಹಾಗೆ ಸುತ್ತಿಟ್ಟೆ. ನನ್ನನ್ನು ಬಿಟ್ಟು ಇನ್ನೊಂದು ಮದುವೆಯಾಗುತ್ತಾರೆ ಎಂದೇ ಲೆಕ್ಕ ಹಾಕಿದೆ. ಮದೀನಾದಲ್ಲಿ ನಮಾಝ್ ಮುಗಿಸಿ ಬಂದಾಗ ಇವರ ಕಣ್ಣು ಕೆಂಪಾಗಿತ್ತು. ಆ ಕಣ್ಣನ್ನೂ ನಾನು ನಂಬಲಿಲ್ಲ, ನಮ್ಮನ್ನು ಪಡೆದ ಅಲ್ಲಾಹನು ಕ್ಷಮಿಸಲಿ.

ಇಲ್ಲಿ ಇಳಿದುಕೊಂಡಿರುವುದು ಇವರ ಸ್ನೇಹಿತ ಹಸನಬ್ಬರ ಮನೆಯಲ್ಲಿ. ಅವರ ಹೆಂಡತಿ ಶಾಹೀದಾಳಿಗೆ ಅರಬಿ ಬರುತ್ತದೆ. ಮುದ್ರೆಯ ಅಕ್ಷರಗಳನ್ನು ಬರೆದು ತೋರಿಸಿದೆ. ನೋಡಿದವಳೇ ಒಲೆಯ ಮೇಲೆ ಹಾಲಿದೆ ಎಂದು ಎದ್ದುಹೋದಳು. ಹೋಗಿ ನೋಡಿದರೆ ಒಲೆ ಹೊತ್ತಿಸಿರಲೇ ಇಲ್ಲ.

ಇವತ್ತು ಬೆಳಿಗ್ಗೆ ಸಮುದ್ರಕ್ಕೆ ಹೋದೆವು. ನಮ್ಮ ಉಳ್ಳಾಲದ ಅಬ್ಬರ ಇದಕ್ಕಿಲ್ಲ. ಮನಸ್ಸು ಗಟ್ಟಿ ಮಾಡಿ ಕೇಳಿಯೇಬಿಟ್ಟೆ.

"ನನ್ನನ್ನು ಬಿಡ್ತೀರಾ?"

ಇವರು ನನ್ನ ಕಡೆ ನೋಡಲಿಲ್ಲ. "ಇವತ್ತೊಂದು ದಿನ ಎಂತದೂ ಕೇಳ್ಬೇಡ ಬತೂಲ್. ನಾಳೆ ಎಲ್ಲ ಹೇಳ್ತೇನೆ" ಎಂದರು.

ನನಗೆ ಹೆದರಿಕೆಯಾಗುತ್ತಿದೆ ಅಕ್ಕಾ. ನಿನಗಲ್ಲದೆ ಯಾರಿಗೆ ಹೇಳಲಿ? ನನಗಾಗಿ ದುಆ ಮಾಡು. ನಿನ್ನನ್ನೂ ಮಕ್ಕಳನ್ನೂ ಅಲ್ಲಾಹನು ಸುಖವಾಗಿಡಲಿ.

ನಿನ್ನ
ಬತೂಲ್

ತಾ.ಕ.: ಶನಿವಾರ. ಲಕೋಟೆ ಅಂಟಿಸುವ ಮೊದಲು ಇವರು ಹೇಳಿದರು. ಇನ್ನೊಬ್ಬಳು ಯಾರೂ ಇಲ್ಲ. ಕಫೀಲನ ಕಂಪೆನಿ ಸಂಸಾರಸ್ಥರ ಮನೆಗಳನ್ನು ಮುಚ್ಚುತ್ತಿದೆ. ಇವರು ಗಂಡಸರ ಕ್ಯಾಂಪಿಗೆ, ನಾನು ಊರಿಗೆ. ಇನ್ನು ತಿರುಗಿ ಬರಲಿಕ್ಕಿಲ್ಲ ಎಂದು ಆ ಮುದ್ರೆಯ ಅರ್ಥ. ಅದನ್ನು ಹೇಗೋ ತಡೆದುಕೊಂಡೆ. ಸಮಾಧಾನವಾಗಲಿ ಎಂದು ಇವರು ಕಿಸೆಯಿಂದ ಒಂದು ಕಾಗದ ತೆಗೆದು ಓದಲು ಕೊಟ್ಟರು. ಇವರು ಬರೆದು ತಿಳಿಸಿದ್ದಕ್ಕೆ ಆಗಸ್ಟ್ ತಿಂಗಳಿನಲ್ಲಿ ಬಂದ ಉತ್ತರ, ನಿನ್ನ ಅಕ್ಷರ. "ಬತೂಲಳಿಗೆ ಈಗಲೇ ಹೇಳಬೇಡಿ, ಅತ್ತು ರಂಪ ಮಾಡುತ್ತಾಳೆ. ಎಲ್ಲಿಯಾದರೂ ಸುತ್ತಾಡಿಸಿ ಕಳಿಸಿಬಿಡಿ." ಆಮೇಲೆ ನೀನು ನನಗೆ ಬರೆದ ಕಾಗದದಲ್ಲಿ ಮಾಡಿನ ಹಂಚು ಒಡೆದದ್ದು, ಕೋಳಿ ಕಾವಿಗೆ ಕೂತದ್ದು ಎಲ್ಲ ಇತ್ತು. ಇದೊಂದು ಇರಲಿಲ್ಲ. ಗಂಡನನ್ನು, ಕಫೀಲನನ್ನು, ಉಂಡ ಮನೆಯ ಶಾಹೀದಾಳನ್ನೂ ಸಂಶಯಪಟ್ಟೆ. ನಿನ್ನ ಮೇಲೆ ಸಂಶಯ ಬರಲೇ ಇಲ್ಲ. ಇಪ್ಪತ್ತೆಂಟಕ್ಕೆ ಟಿಕೆಟ್ ಆಗಿದೆ, ಬೊಂಬಾಯಿಯಿಂದ ಬಸ್ಸಿನಲ್ಲಿ ಬರುತ್ತೇನೆ. ಬಸ್‌ಸ್ಟ್ಯಾಂಡಿಗೆ ಯಾರನ್ನಾದರೂ ಕಳಿಸು. ನೀನು ಬರುವುದು ಬೇಡ.